ಎಲಾ, ಲೂಯಿ ಮತ್ತು ನಮ್ಮ ಅಡುಗೆಮನೆ

ಮೂರು ವಾರದಿಂದ ಸಂಜೆ ಆರಾಯಿತು ಅಂದರೆ ನಮ್ಮ ಮನೆಯಲ್ಲಿ ಒಂದೇ ಆಲ್ಬಂ. ‘ಎಲಾ ಅಂಡ್ ಲೂಯಿ’. 1956ರದ್ದು. ಹಾಡಿರುವವರು ಅಮೆರಿಕದ ಕರಿಯ ಜಾಝ್ ಗಾಯಕರಾದ ಎಲಾ ಫಿಟ್ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್. ಒಟ್ಟು 11 ಹಾಡು, ಒಂದು ಗಂಟೆಗೆ ಸ್ವಲ್ಪ ಕಡಿಮೆ. ನಾನು ಹಾಕುತ್ತೇನೆ, ಅಮ್ಮ ಅಡುಗೆಮನೆಯಲ್ಲಿ ಸ್ಟೂಲ್ ಎಳೆದುಕೊಂಡು ಸೊಪ್ಪು ಬಿಡಿಸುತ್ತಾ ಕೇಳುತ್ತಾಳೆ. ಟಿವಿಯಲ್ಲಿ ಇಂಗ್ಲಿಷ್ ಹಾಡು ಬಂದರೆ ತಕ್ಷಣ ಚಾನೆಲ್ ಬದಲಾಯಿಸುವ ಅಮ್ಮ, ಇದನ್ನು ಮಾತ್ರ ಆರಿಸು ಅಂತ ಒಂದು ದಿನವೂ ಹೇಳಿಲ್ಲ.

ಈ ಆಲ್ಬಂ ನನಗೆ ಹೊಸದೇನಲ್ಲ. ಕಾಲೇಜಲ್ಲಿದ್ದಾಗ ಎರಡು ಹಾಡು ಕೇಳಿ ಬಿಟ್ಟುಬಿಟ್ಟಿದ್ದೆ. ಎಲಾ ದನಿ ಕೇಳಿದ ಕೂಡಲೇ ಇಷ್ಟವಾಗಿತ್ತು. ಅಷ್ಟು ನಯ, ಅಷ್ಟು ಸ್ವಚ್ಛ, ಪದ ಒಂದೂ ಮುಕ್ಕಾಗುವುದಿಲ್ಲ. ಆದರೆ ಲೂಯಿ ಬಾಯಿ ಬಿಟ್ಟರೆ ನನಗೆ ಕಿರಿಕಿರಿ. ಇಷ್ಟು ಚೆನ್ನಾಗಿ ಹಾಡುವವರ ಪಕ್ಕದಲ್ಲಿ ಇವರನ್ನು ಯಾಕೆ ಕೂರಿಸಿದರು ಅನ್ನಿಸಿತ್ತು. ಈ ಸಲ ಮತ್ತೆ ಹಾಕಿದ್ದು ಸುಮ್ನೆ, ಹೊರಗೆ ಮಳೆ ಹಿಡಿದಿತ್ತು, ಏನಾದರೂ ಮೆತ್ತಗಿನದು ಕೇಳೋಣ ಅಂತ. ಎರಡನೇ ಹಾಡಿನ ಹೊತ್ತಿಗೆ ಅಮ್ಮ ಒಳಗಿಂದಲೇ ಕೇಳಿದಳು: “ಯಾರೇ ಅದು? ಗಂಟಲು ಕಟ್ಟಿದ ಹಾಗಿದೆ ಪಾಪ, ಆದ್ರೂ ಎಷ್ಟು ಹಿತವಾಗಿ ಹಾಡ್ತಾನೆ.”

ಆಮೇಲೆ ಅವಳೇ ಇನ್ನೊಂದು ಮಾತು ಸೇರಿಸಿದಳು. “ನಿಮ್ಮಜ್ಜಿ ರಾಗಿ ಬೀಸೋವಾಗ ಹಿಂಗೇ ಇರ್ತಿತ್ತು.”

ಆ ಮಾತು ನನ್ನನ್ನು ಬಿಡಲೇ ಇಲ್ಲ. ಅಜ್ಜಿ ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂತು ಪದ ಹೇಳುತ್ತಿದ್ದದ್ದು ನನಗೂ ಚೂರು ಚೂರು ನೆನಪಿದೆ. ಕೆಳಗೆ ಕಲ್ಲಿನ ಗರಗರ, ಮೇಲೆ ಅವಳ ಸಣ್ಣ ದನಿ. ಕಲ್ಲು ನಿಂತರೆ ಪದವೂ ನಿಲ್ಲುತ್ತಿತ್ತು. ಕಲ್ಲಿನ ಸದ್ದು ಪದಕ್ಕೆ ಅಡ್ಡಿ ಅಂತ ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ, ಆ ಸದ್ದಿನ ಮೇಲೇ ಪದ ಕೂತಿರುತ್ತಿತ್ತು. ಲೂಯಿ ದನಿಯನ್ನು ಹಾಗೆ ಕೇಳಲು ಶುರು ಮಾಡಿದ ಮೇಲೆ ಇಡೀ ಆಲ್ಬಂ ನನಗೆ ಬೇರೆಯೇ ಆಗಿ ಕೇಳಿಸಿತು. ನಾನು ಹಿಂದೆ ಕೇಳಿದ್ದು ಎಲಾ ಒಬ್ಬರನ್ನೇ. ಇಬ್ಬರನ್ನೂ ಒಟ್ಟಿಗೆ ಕೇಳಿರಲೇ ಇಲ್ಲ.

ಈ ಆಲ್ಬಂ ಹುಟ್ಟಿದ ರೀತಿಯೂ ನನಗೆ ಬಹಳ ಇಷ್ಟ. 1956ರ ಆಗಸ್ಟ್ 15ರಂದು ಇಬ್ಬರೂ ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್ ಬಯಲು ರಂಗಮಂದಿರದಲ್ಲಿ ಹಾಡಿದ್ದರು. ಮರುದಿನವೇ, ಆಗಸ್ಟ್ 16ಕ್ಕೆ, ಕ್ಯಾಪಿಟಲ್ ಸ್ಟುಡಿಯೋದಲ್ಲಿ ಕೂತು ಈ 11 ಹಾಡನ್ನೂ ಮುಗಿಸಿದರು. ಒಂದೇ ದಿನ! ಲೂಯಿಗೆ ಆಗ 55 ವರ್ಷ, ಎಲಾಗೆ 39. ಹಾಡಿಸಿದವರು ನಾರ್ಮನ್ ಗ್ರಾನ್ಜ್. ಆ ವರ್ಷವೇ ಅವರು ವರ್ವ್ ಅನ್ನುವ ರೆಕಾರ್ಡ್ ಕಂಪನಿ ಶುರು ಮಾಡಿದ್ದರು, ಮುಖ್ಯವಾಗಿ ಎಲಾ ಹಾಡುಗಳಿಗೋಸ್ಕರ. ಗ್ರಾನ್ಜ್ ಮುಂದೆ ಹೇಳಿಕೊಂಡ ಒಂದು ವಿಷಯ ಇದೆ. ಎಲಾಗೆ ಲೂಯಿ ಮೇಲೆ ಎಷ್ಟು ಗೌರವ ಅಂದರೆ ಹಾಡಿನ ಆಯ್ಕೆ, ಶ್ರುತಿ ಎಲ್ಲವನ್ನೂ ಅವರಿಗೇ ಬಿಟ್ಟುಬಿಡುತ್ತಿದ್ದರಂತೆ, ಆ ಶ್ರುತಿ ತಮಗೆ ಹೊಂದದಿದ್ದರೂ. ಹಾಡುವವರಿಗೆ ಗೊತ್ತು ಇದು ಎಷ್ಟು ದೊಡ್ಡ ವಿಷಯ ಅಂತ. ಅರ್ಧ ಮನೆ ಶ್ರುತಿ ಆಚೀಚೆ ಆದರೂ ಒದ್ದಾಡುತ್ತೇವೆ, ಅಲ್ವಾ? ಎಲಾ ಒದ್ದಾಡಿದ್ದು ಎಲ್ಲೂ ಕೇಳಿಸುವುದಿಲ್ಲ. ಕೆಳಗಿನ ಸ್ವರಗಳಿಗೆ ಇಳಿದಾಗ ಅವರ ದನಿಯಲ್ಲಿ ಒಂದು ಬೆಚ್ಚಗಿನ ಗಾಢತೆ ಬರುತ್ತದೆ, ನನಗಂತೂ ಆ ಜಾಗಗಳೇ ಹೆಚ್ಚು ಇಷ್ಟ.

ಹಿಂದೆ ನುಡಿಸುವವರು ನಾಲ್ಕೇ ಜನ. ಪಿಯಾನೋದಲ್ಲಿ ಆಸ್ಕರ್ ಪೀಟರ್ಸನ್, ಗಿಟಾರಿಗೆ ಹರ್ಬ್ ಎಲ್ಲಿಸ್, ಬಾಸ್ ಅನ್ನುವ ದಪ್ಪ ದನಿಯ ದೊಡ್ಡ ತಂತಿವಾದ್ಯಕ್ಕೆ ರೇ ಬ್ರೌನ್, ಡ್ರಮ್ಸಿಗೆ ಬಡ್ಡಿ ರಿಚ್. ಬಡ್ಡಿ ರಿಚ್ ಅಂದರೆ ಗುಡುಗು ಸಿಡಿಲಿನ ಹಾಗೆ ಬಾರಿಸುವವರು ಅಂತಲೇ ಹೆಸರು. ಇಲ್ಲಿ ನೋಡಿ, ಬಹುಪಾಲು ತಂತಿ ಬ್ರಷ್ ಹಿಡಿದು ಡ್ರಮ್ಮಿನ ಮೇಲೆ ಸವರುತ್ತಾ ಇರುತ್ತಾರೆ. ಮೊರದಲ್ಲಿ ಅಕ್ಕಿ ಕೇರುವ ಸದ್ದು ಇದೆಯಲ್ಲ, ಸರ್ ಸರ್ ಅಂತ, ಥೇಟ್ ಅದೇ. ಹೆಡ್‌ಫೋನ್ ಹಾಕಿಕೊಂಡು ಒಂದು ಹಾಡು ಪೂರ್ತಿ ಬರೀ ಆ ಸದ್ದನ್ನೇ ಹಿಂಬಾಲಿಸಿ ನೋಡಿ, ಅಷ್ಟು ಜೋರಾಗಿ ಬಾರಿಸಬಲ್ಲ ಕೈ ಇಷ್ಟು ಹಗುರಾಗಿ ಓಡಾಡುವುದು ಎಂಥ ಚೆಂದ ಅಂತ ಗೊತ್ತಾಗುತ್ತದೆ.

ರೇ ಬ್ರೌನ್ ಬಗ್ಗೆ ಹೇಳಲೇಬೇಕು. ಅವರು ಎಲಾ ಗಂಡ ಆಗಿದ್ದವರು. 1947ರಲ್ಲಿ ಮದುವೆ, 1953ರಲ್ಲಿ ವಿಚ್ಛೇದನ. ಬಿಟ್ಟು ಮೂರು ವರ್ಷಕ್ಕೆ ಒಂದೇ ಸ್ಟುಡಿಯೋದಲ್ಲಿ, ಎಲಾ ಹಾಡುತ್ತಿದ್ದಾರೆ, ರೇ ಅವರ ಹಾಡಿನ ಅಡಿಯಲ್ಲಿ ಬಾಸ್ ನುಡಿಸುತ್ತಿದ್ದಾರೆ. ಇದು ಗೊತ್ತಾದ ಮೇಲೆ ನಾಲ್ಕನೇ ಹಾಡು ಕೇಳಿದರೆ ಎದೆ ಹಿಂಡುತ್ತದೆ. ‘ದೇ ಕಾಂಟ್ ಟೇಕ್ ದಟ್ ಅವೇ ಫ್ರಮ್ ಮಿ’ ಅಂತ ಅದರ ಹೆಸರು. ನಾವು ದೂರವಾಗಬಹುದು, ಆದರೆ ನೀನು ಟೋಪಿ ಇಟ್ಟುಕೊಳ್ಳುವ ರೀತಿ, ಚಹಾ ಹೀರುವ ರೀತಿ, ಇಂಥ ಸಣ್ಣಪುಟ್ಟ ನೆನಪನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಾರರು ಅನ್ನುವ ಹಾಡು. ಹಾಡುವಾಗ ಅವರ ಮನಸ್ಸಲ್ಲಿ ಏನಿತ್ತೋ, ಅದು ಅವರದ್ದು. ನನಗೆ ಕೇಳಿಸುವುದು ಇಷ್ಟೇ: ಬಾಸ್ ಒಂದು ಹೆಜ್ಜೆಯೂ ತಪ್ಪುವುದಿಲ್ಲ, ಎಲಾ ಆ ಹೆಜ್ಜೆಯ ಮೇಲೆ ಪೂರ್ತಿ ಭಾರ ಬಿಟ್ಟು ಹಾಡುತ್ತಾರೆ.

ಇವೆಲ್ಲ ಇವರಿಗಾಗಿ ಬರೆದ ಹಾಡುಗಳಲ್ಲ. ಜಾಝ್‌ನಲ್ಲಿ ‘ಸ್ಟ್ಯಾಂಡರ್ಡ್’ ಅಂತಾರೆ. ಎಲ್ಲರಿಗೂ ಗೊತ್ತಿರುವ, ಎಲ್ಲರೂ ಹಾಡುವ, ನುಡಿಸುವ ಹಾಡು. ಹೆಚ್ಚಿನವು ನ್ಯೂಯಾರ್ಕಿನ ಬ್ರಾಡ್‌ವೇ ನಾಟಕಗಳಿಂದ, ಹಾಲಿವುಡ್ ಸಿನಿಮಾಗಳಿಂದ ಬಂದವು. ಈಗ ಹೇಳಿದ ಹಾಡು ಜಾರ್ಜ್ ಗರ್ಶ್‌ವಿನ್ ರಾಗ ಹಾಕಿ, ಅವರ ಅಣ್ಣ ಐರಾ ಬರೆದದ್ದು, 1937ರ ಸಿನಿಮಾಗೆ. ಆ ವರ್ಷವೇ ಜಾರ್ಜ್ ತೀರಿಕೊಂಡರು, 38 ವರ್ಷಕ್ಕೆ. ಅಣ್ಣತಮ್ಮಂದಿರದ್ದೇ ‘ಎ ಫಾಗಿ ಡೇ’ ಕೂಡ ಇಲ್ಲಿದೆ, ಆ ಹಾಡಿನ ಸಿನಿಮಾ ತೆರೆಗೆ ಬಂದಾಗ ಜಾರ್ಜ್ ಬದುಕಿರಲಿಲ್ಲ. ನಮ್ಮ ಕಛೇರಿಗಳಲ್ಲಿ ಒಂದೇ ಕೃತಿಯನ್ನು ನೂರು ಜನ ಹಾಡುತ್ತಾರೆ, ನಾವು ಹೋಗುವುದು ಇವತ್ತು ಇವರು ಹೇಗೆ ಹಾಡುತ್ತಾರೆ ಅಂತ ಕೇಳಲು. ಇಲ್ಲೂ ಹಾಗೇ. ಸಂಗೀತ ಕೇಳುವ ಕನ್ನಡದವರಿಗೆ ಈ ಅಭ್ಯಾಸ ಮೊದಲೇ ಇದೆ, ಆದ್ದರಿಂದ ಜಾಝ್ ನಮಗೆ ದೂರದ್ದು ಅಂತ ಹೆದರುವುದು ಬೇಡ. ಸುಮಾರು ಹಾಡುಗಳ ಕಟ್ಟು ಕೂಡ ಸರಳ: ಒಂದು ಸಾಲುಗುಂಪು ಎರಡು ಸಲ, ಮಧ್ಯೆ ಬೇರೆ ದಾರಿ ಹಿಡಿಯುವ ಒಂದು ತುಂಡು, ಮತ್ತೆ ಮೊದಲಿನದು. ಇದನ್ನು ಒಂದು ಸಲ ಹಿಡಿದುಕೊಂಡರೆ ಮುಂದೆ ಯಾರು ಎಲ್ಲಿ ಬರುತ್ತಾರೆ ಅಂತ ಕಾಯುವುದೇ ಒಂದು ಖುಷಿ.

ಮಳೆ ಬರುವಾಗ ನಾನು ಹಾಕುವುದು ಎರಡನೇ ಹಾಡು, ‘ಈಸಂಟ್ ದಿಸ್ ಎ ಲವ್ಲಿ ಡೇ’. ಇರ್ವಿಂಗ್ ಬರ್ಲಿನ್ ಬರೆದದ್ದು, 1935. ಈ ಹಾಡು ಬರುವ ಸಿನಿಮಾದಲ್ಲಿ ಜೋರು ಮಳೆ, ಗುಡುಗು, ಲಂಡನ್ನಿನ ಪಾರ್ಕ್ ಒಂದರಲ್ಲಿ ನಾಯಕ ನಾಯಕಿ ಇಬ್ಬರೂ ಮಂಟಪದ ಕೆಳಗೆ ಸಿಕ್ಕಿಹಾಕಿಕೊಂಡಿದ್ದಾರೆ. ಅವನು ಹಾಡುತ್ತಾನೆ: ಮಳೆ ಬಂದದ್ದು ಒಳ್ಳೆಯದೇ ಆಯಿತು, ಎಂಥ ಚೆಂದದ ದಿನ! ಬರ್ಲಿನ್ ಪಿಯಾನೋದಲ್ಲಿ ಹೆಚ್ಚಾಗಿ ಕಪ್ಪು ಮನೆಗಳನ್ನೇ ಒತ್ತಿ ನುಡಿಸುತ್ತಿದ್ದರು, ಒಂದೇ ಶ್ರುತಿಯಲ್ಲಿ. ಬೇರೆ ಶ್ರುತಿ ಬೇಕಾದರೆ ಪಿಯಾನೋಗೆ ಒಂದು ಸನ್ನೆಗೋಲು ಹಾಕಿಸಿಕೊಂಡಿದ್ದರು. ಅವರು ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಐದು ವರ್ಷದ ಮಗುವಾಗಿ ನ್ಯೂಯಾರ್ಕಿಗೆ ಬಂದ ಬಡವರ ಮನೆ ಹುಡುಗ. ಅವರದ್ದೇ ‘ಚೀಕ್ ಟು ಚೀಕ್’ ಕೂಡ ಇದೆ. ಅದನ್ನು ಲೂಯಿ ಶುರು ಮಾಡುತ್ತಾರೆ. ಅವಸರ ಅನ್ನುವುದು ಆ ಮನುಷ್ಯನಿಗೆ ಗೊತ್ತೇ ಇಲ್ಲ. ತಾಳ ಮುಂದೆ ಹೋಗುತ್ತಿರುತ್ತದೆ, ಲೂಯಿ ಒಂದು ಕೂದಲೆಳೆ ಹಿಂದೆ, ಊಟ ಮುಗಿಸಿ ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ಮಾತಾಡುವ ಹಿರಿಯರ ಹಾಗೆ. ಆಮೇಲೆ ಎಲಾ ಬರುತ್ತಾರೆ, ಅದೇ ಹಾಡು ತಟ್ಟನೆ ಕಿಟಕಿ ತೆಗೆದ ಹಾಗೆ ಬೆಳಗುತ್ತದೆ.

ಇನ್ನೊಂದು ಹಾಡು ಬರೀ ಸಾಹಿತ್ಯಕ್ಕೋಸ್ಕರ ಹೇಳುತ್ತೇನೆ. ‘ಮೂನ್‌ಲೈಟ್ ಇನ್ ವರ್ಮಾಂಟ್’, 1944ರದ್ದು. ಇದರಲ್ಲಿ ಪ್ರಾಸವೇ ಇಲ್ಲ! ಪ್ರಾಸ ಇಲ್ಲದೆ ಹಾಡೇ ಇಲ್ಲ ಅನ್ನುವ ಕಾಲದಲ್ಲಿ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ಟದ್ದನ್ನು ಶಾಲೆಯಲ್ಲಿ ಓದಿದವರು ನಾವು, ಅದಕ್ಕೇ ಇದು ಗೊತ್ತಾದಾಗ ನನಗೆ ಸಂಭ್ರಮವೇ ಆಯಿತು. ಅಲ್ಲಿ ಇರುವುದು ಬರೀ ಚಿತ್ರಗಳು: ತೊರೆಯಲ್ಲಿ ಬಿದ್ದ ಚಿಲ್ಲರೆ ಕಾಸು, ಉದುರುವ ಎಲೆ, ಬೆಳದಿಂಗಳು. ಮಧ್ಯದ ತುಂಡು ಬಿಟ್ಟು ಉಳಿದ ಸಾಲುಗಳನ್ನು ಎಣಿಸಿದರೆ ಐದು, ಏಳು, ಐದು ಉಚ್ಚಾರ, ಜಪಾನಿನ ಹೈಕು ಲೆಕ್ಕ. ಎಲಾ ಈ ಹಾಡನ್ನು ಏನೂ ಮಾಡದೆ ಹಾಡುತ್ತಾರೆ. ಗಮಕ ಜಾಸ್ತಿ ಇಲ್ಲ, ಎಳೆದಾಟ ಇಲ್ಲ. ಒಂದೊಂದು ಚಿತ್ರವನ್ನೂ ಎತ್ತಿ ನಮ್ಮ ಅಂಗೈಯಲ್ಲಿ ಇಟ್ಟು ಮುಂದೆ ಹೋಗುತ್ತಾರೆ. ನಡುವೆ ಲೂಯಿ ಟ್ರಂಪೆಟ್ ನುಡಿಸುತ್ತಾರೆ, ಹಿತ್ತಾಳೆಯ ಊದುವ ವಾದ್ಯ ಅದು. ಮಾತಾಡುವ ಗಂಟಲು ಅಷ್ಟು ಒರಟಾಗಿರುವ ಮನುಷ್ಯನ ಟ್ರಂಪೆಟ್ ಇಷ್ಟು ಹೊಳೆಯುತ್ತದೆ, ಕೇಳಿ.

ಇಷ್ಟೆಲ್ಲ ನೆಮ್ಮದಿಯಾಗಿ ಕೇಳಿಸುವ ಇವರ ಬದುಕು ಆಗ ನೆಮ್ಮದಿಯಾಗಿರಲಿಲ್ಲ. ಈ ರೆಕಾರ್ಡಿಂಗಿಗೆ ಒಂದು ವರ್ಷದೊಳಗೆ, 1955ರ ಅಕ್ಟೋಬರಿನಲ್ಲಿ, ಹ್ಯೂಸ್ಟನ್‌ನಲ್ಲಿ ಎಲಾ ಕಛೇರಿ ಇತ್ತು. ಬಿಳಿಯರು ಕರಿಯರು ಬೇರೆ ಬೇರೆ ಕೂರುವ ಊರು ಅದು. ಗ್ರಾನ್ಜ್ ಒಪ್ಪಲಿಲ್ಲ, ಎಲ್ಲರೂ ಒಟ್ಟಿಗೆ ಕೂರಬೇಕು ಅಂತ ಹಟ ಹಿಡಿದು ಹಾಗೇ ನಡೆಸಿದರು. ಪೊಲೀಸರು ಎಲಾ ಡ್ರೆಸ್ಸಿಂಗ್ ರೂಮಿಗೇ ನುಗ್ಗಿದರು. ಕೆಲವರು ದಾಳ ಆಡುತ್ತಿದ್ದರು ಅನ್ನುವ ನೆಪ. ಎಲಾ ಅವರನ್ನೂ ಬಂಧಿಸಿದರು. ಠಾಣೆಗೆ ಹೋಗಿ ಬಂದು ಅವತ್ತಿನ ಕಛೇರಿ ಮುಗಿಸಿದರು. ಅದನ್ನು ಓದಿದ ಮೇಲೆ ನನಗೆ ಎಲಾ ದನಿಯ ತಿಳಿತನದ ಬಗ್ಗೆ ಇದ್ದ ಪ್ರೀತಿ ಇನ್ನೂ ಜಾಸ್ತಿಯಾಯಿತು.

ಎಲಾ 1934ರಲ್ಲಿ 17ರ ಹುಡುಗಿಯಾಗಿ ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರಿನ ಸ್ಪರ್ಧೆಗೆ ಹೋಗಿದ್ದು ನೃತ್ಯ ಮಾಡಲು. ಕೊನೇ ಗಳಿಗೆಯಲ್ಲಿ ಹಾಡಿದರು, ಗೆದ್ದರು. ಅಷ್ಟು ಹೊತ್ತಿಗೆ ಲೂಯಿ ದೊಡ್ಡ ಹೆಸರು. ಪದವೇ ಇಲ್ಲದೆ ಬರೀ ಸದ್ದಿನಲ್ಲಿ ಹಾಡುವ ‘ಸ್ಕ್ಯಾಟ್’ ಅನ್ನು 1926ರಲ್ಲೇ ಹಾಡಿ ಎಲ್ಲರ ಬಾಯಿಗೂ ಹಚ್ಚಿದವರು ಅವರು, ಮುಂದೆ ಅದನ್ನು ಆಕಾಶಕ್ಕೆ ಏರಿಸಿದವರು ಎಲಾ. ಇಬ್ಬರಿಗೂ ಇಲ್ಲಿ ಬೇಕಾದಷ್ಟು ಕಸರತ್ತು ತೋರಿಸಬಹುದಿತ್ತು. ತೋರಿಸಲಿಲ್ಲ. ಒಬ್ಬರು ಹಾಡುವಾಗ ಇನ್ನೊಬ್ಬರು ಹಿಂದೆ ಮೆಲ್ಲಗೆ ಗುನುಗುತ್ತಾರೆ, ಅಷ್ಟೇ. ಆ ಬಿಟ್ಟುಕೊಟ್ಟ ಜಾಗವೇ ಈ ಆಲ್ಬಮ್ಮಿನ ಜೀವ ಅಂತ ನನ್ನ ಅನ್ನಿಸಿಕೆ.

ಮುಖಪುಟದ ಫೋಟೋ ಹುಡುಕಿ ನೋಡಿ. ಫಿಲ್ ಸ್ಟರ್ನ್ ತೆಗೆದದ್ದು. ಝಗಮಗ ಏನೂ ಇಲ್ಲ. ಇಬ್ಬರೂ ಸಾದಾ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತಿದ್ದಾರೆ, ಎಲಾ ಮೈಮೇಲೆ ಮನೆಯಲ್ಲಿ ಹಾಕಿಕೊಳ್ಳುವಂಥ ಬಟ್ಟೆ, ಲೂಯಿಯ ಬಿಳಿ ಕಾಲುಚೀಲ ಪಾದದ ಗಂಟಿನವರೆಗೆ ಸುತ್ತಿಕೊಂಡು ಇಳಿದಿದೆ. ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹುಡುಕಿ ತಂದು ಹಾಕಿಕೊಂಡು, ಬೆರಳಲ್ಲಿ ದೊಡ್ಡದು ಮಾಡಿ ನೋಡಿದಳು. “ಮದುವೆ ಮನೇಲಿ ಕೆಲಸ ಎಲ್ಲ ಮುಗಿಸಿ ಕೂತ ಹಾಗಿದ್ದಾರೆ” ಅಂದಳು. ಆ ಕಾಲುಚೀಲದ ಮೇಲೇ ಅವಳ ಕಣ್ಣು.

ಮೊದಲ ಸಲ ಕೇಳುವವರು ಹನ್ನೊಂದನ್ನೂ ಒಟ್ಟಿಗೆ ಕೇಳಲು ಹೋಗಬೇಡಿ, ಹೆಚ್ಚಿನವು ನಿಧಾನದ ಹಾಡುಗಳು, ಒಂದರ ಮೇಲೊಂದು ಬಂದರೆ ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ. ದಿನಕ್ಕೆ ಎರಡು ಸಾಕು. ಇದು ಮೊನೋ ರೆಕಾರ್ಡಿಂಗ್, ಎರಡು ದನಿಯೂ ಒಂದೇ ಕಡೆಯಿಂದ ಬರುತ್ತವೆ, ಸಣ್ಣ ಸ್ಪೀಕರಿನಲ್ಲೂ ಚೆನ್ನಾಗಿ ಕೇಳುತ್ತದೆ. ಇಷ್ಟವಾದರೆ ಮರುವರ್ಷವೇ ಬಂದ ‘ಎಲಾ ಅಂಡ್ ಲೂಯಿ ಅಗೇನ್’ ಇದೆ, ಅದರಲ್ಲಿ ಹಾಡು ಇನ್ನೂ ಜಾಸ್ತಿ. ನನಗೆ ಮಾತ್ರ ಮೊದಲನೆಯದೇ.

ಇವತ್ತು ದಂಟಿನ ಸೊಪ್ಪು. ಕೊನೆಯ ಹಾಡು, ‘ಏಪ್ರಿಲ್ ಇನ್ ಪ್ಯಾರಿಸ್’, ಮುಗಿಯುವಷ್ಟರಲ್ಲಿ ಸೊಪ್ಪು ಬಿಡಿಸಿ ಆಗಿತ್ತು. ಅಮ್ಮ ಎದ್ದು ಹೋಗಲಿಲ್ಲ. ಕೊನೆಯ ಸ್ವರ ನಿಲ್ಲುವವರೆಗೂ ಮಡಿಲಲ್ಲಿ ದಂಟಿನ ಕಡ್ಡಿ ಇಟ್ಟುಕೊಂಡು ಕೂತಿದ್ದಳು, ಆಮೇಲೆ ಹೋಗಿ ಒಲೆ ಹಚ್ಚಿದಳು.