ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಟ್ಟಿಗೇ ಸುರಿಯುತ್ತಾರಲ್ಲ?

ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ, ಲಿಫ್ಟಿನಲ್ಲಿ, ತರಕಾರಿ ಗಾಡಿ ಹತ್ತಿರ, ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ನಾವು ಹಸಿ ಕಸ, ಒಣ ಕಸ ಅಂತ ಕೂತು ಬೇರೆ ಮಾಡೋದು, ಅವರು ಗಾಡಿಗೆ ಎಲ್ಲ ಒಟ್ಟಿಗೇ ಸುರಿಯೋದು. ಮತ್ತೆ ಯಾಕ್ರೀ ಈ ಒದ್ದಾಟ?" ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಒಂದು ದಿನವೂ ಬೇರೆ ಮಾಡಿ ಕೊಟ್ಟವರಲ್ಲ, ಅದು ಬೇರೆ ಮಾತು.

ನಾನೂ ಎರಡು ವರ್ಷ ಇದನ್ನೇ ಹೇಳಿಕೊಂಡು ತಿರುಗಿದವಳು. ಒಂದು ದಿನ ಬೆಳಗ್ಗೆ ಏನನ್ನಿಸಿತೋ, ಚಪ್ಪಲಿ ಹಾಕಿಕೊಂಡು ಕಸದ ಆಟೋ ಹಿಂದೆಯೇ ಹೊರಟೆ. ನಮ್ಮದು ಬನಶಂಕರಿ ಕಡೆಯ ಒಂದು ಸಣ್ಣ ರಸ್ತೆ, 31 ಮನೆ. ಗಾಡಿಯ ಪಕ್ಕಕ್ಕೆ ದೊಡ್ಡ ದೊಡ್ಡ ಚೀಲ ನೇತುಹಾಕಿದ್ದರು. ಒಂದರಲ್ಲಿ ರಟ್ಟು, ಒಂದರಲ್ಲಿ ಬಾಟಲಿ, ಇನ್ನೊಂದರಲ್ಲಿ ಹಾಲಿನ ಕವರು. ಇಷ್ಟು ವರ್ಷ ಮೇಲಿನಿಂದ ನೋಡುತ್ತಿದ್ದ ನನಗೆ ಆ ಚೀಲ ಕಂಡೇ ಇರಲಿಲ್ಲ. ನನ್ನ ಒಣ ಕಸ ನೇರವಾಗಿ ಅದಕ್ಕೇ ಹೋಯಿತು.

ಮೂರನೇ ಮನೆಯಿಂದ ಗಂಟು ಹಾಕಿದ ಕಪ್ಪು ಕವರ್ ಬಂತು. ಗಾಡಿ ಜೊತೆಗಿದ್ದ ಹೆಂಗಸು ಅದನ್ನು ಹರಿದು ಕೈ ಹಾಕಿದಳು. ಸಾಂಬಾರು ಮೆತ್ತಿದ ಪೇಪರ್, ಮಗುವಿನ ಡೈಪರ್, ತೆಂಗಿನ ನಾರು, ಅದರ ಮಧ್ಯೆ ಬಿಚ್ಚಿದ ಶೇವಿಂಗ್ ಬ್ಲೇಡು. ಕೈಗೆ ಗ್ಲೌಸ್ ಇರಲಿಲ್ಲ. ಬ್ಲೇಡನ್ನು ಎರಡು ಬೆರಳಲ್ಲಿ ಎತ್ತಿ ನನಗೆ ತೋರಿಸಿದಳು, ಏನೂ ಹೇಳಲಿಲ್ಲ. ಯಾಕೆ ಕೆಲವು ದಿನ ಒಟ್ಟಿಗೇ ಹಾಕುತ್ತೀರಿ ಅಂತ ಕೇಳಿದೆ. "ಅಕ್ಕ, ಒಂದು ಮನೆಯೋರು ಹಿಂಗೆ ಕೊಟ್ರೆ ಬಿಡಿಸಬಹುದು. ಹತ್ತು ಮನೆಯೋರು ಕೊಟ್ರೆ ಗಾಡಿ ನಿಲ್ಲಿಸ್ಕೊಂಡು ಬಿಡಿಸಾಕಾಯ್ತದಾ? ಹಿಂದೆ ಕಾರ್‌ನೋರು ಹಾರನ್ ಹೊಡೀತಾರೆ" ಅಂದಳು. ಅವತ್ತು ನಮ್ಮ ರಸ್ತೆಯಲ್ಲಿ ಒಟ್ಟಿಗೆ ಕೊಟ್ಟವರು 12 ಮನೆ. ನಾನೇ ಎಣಿಸಿದೆ.

ಹಾಗಂತ ಅವರ ಕಡೆ ತಪ್ಪೇ ಇಲ್ಲ ಅಂತಲ್ಲ. ಜೊತೆಗಾರಳು ರಜೆ ಹಾಕಿದ ದಿನ ಡ್ರೈವರ್ ಒಬ್ಬನೇ ಬರುತ್ತಾನೆ, ಎಲ್ಲ ಒಂದೇ ಕಡೆ ಸುರಿದುಕೊಂಡು ಹೋಗುತ್ತಾನೆ. ನೋಡಿದ್ದೇನೆ, ಜಗಳವಾಡಿದ್ದೇನೆ, ದೂರು ಕೊಟ್ಟಿದ್ದೇನೆ. ಇನ್ನೊಬ್ಬರನ್ನು ಕಳಿಸೋಕೆ ಮೂರು ವಾರ ಬೇಕಾಯಿತು. ಆದರೆ ನಾವು ಒಟ್ಟಿಗೆ ಕೊಟ್ಟಿದ್ದರೆ ಜಗಳವಾಡೋಕೆ ಬಾಯಾದರೂ ಎಲ್ಲಿರುತ್ತಿತ್ತು?

ಈ ಕಸ ಆಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಾದ ಮೇಲೆ ನನಗೆ ಸುಮ್ನೆ ಇರೋಕಾಗಲಿಲ್ಲ. ಬೆಂಗಳೂರಲ್ಲಿ ದಿನಕ್ಕೆ 4,000 ಟನ್‌ಗಿಂತ ಜಾಸ್ತಿ ಕಸ ಬೀಳುತ್ತೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. 2012ರಲ್ಲಿ ಊರಾಚೆಯ ಮಾವಳ್ಳಿಪುರದಲ್ಲಿ ಕಸ ಸುರಿಯೋದು ನಿಂತಾಗ ನಗರದ ರಸ್ತೆಗಳೆಲ್ಲ ನಾರಿದ್ದು ಆಗ ಇಲ್ಲಿದ್ದವರಿಗೆ ನೆನಪಿರಬೇಕು. ಹಸಿ, ಒಣ ಬೇರೆ ಮಾಡೋದು ಕಡ್ಡಾಯ ಅಂತ ಪಾಲಿಕೆ ಹೇಳಿದ್ದು ಅದೇ ವರ್ಷ. ಮಂಡೂರಿನ ಜನ ನಮ್ಮ ಲಾರಿಗಳನ್ನು ತಡೆದು ಕೂತರು, 2014ರ ಕೊನೆಗೆ ಅಲ್ಲಿಗೂ ಕಸ ಹೋಗೋದು ನಿಂತಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿ ಗುಂಡಿಗಳು. ಗಾಳಿಯಾಡದೆ ರಾಶಿಯೊಳಗೆ ಕೊಳೆಯುವ ಅನ್ನ, ತರಕಾರಿ ಸಿಪ್ಪೆಯಿಂದ ಮೀಥೇನ್ ಬರುತ್ತೆ, ಕಪ್ಪು ನೀರು ಇಳಿದು ಊರಿನ ಬಾವಿ, ಕೆರೆ ಸೇರುತ್ತೆ. ಮಂಗಳೂರಿನ ಪಚ್ಚನಾಡಿಯಲ್ಲಂತೂ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ, ಕೆಳಗಿದ್ದ ಮಂದಾರ ಅನ್ನೋ ಊರಿನ ಅಡಿಕೆ ತೋಟ, ಮನೆಗಳ ಮೇಲೆ ಬಂದು ಕೂತಿತು. ಅದು ಯಾರೋ ಬೇರೆಯವರ ಕಸ ಅಲ್ಲ, ದಿನಾ ಬೆಳಗ್ಗೆ ನಾವು ಗಂಟು ಕಟ್ಟಿ ಕೊಟ್ಟಿದ್ದೇ.

ಒಣ ಕಸದ ದಾರಿ ಬೇರೆ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಒಂದು ಸಲ ಹೋಗಿ ನೋಡಿ. ಇಂಥ ಎಷ್ಟೋ ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರು. ಹಸಿರು ದಳದಂಥ ಸಂಸ್ಥೆ ಅವರ ಬೆನ್ನಿಗೆ ನಿಂತಿದೆ. ಅಲ್ಲಿ ರಟ್ಟು ಅಂದರೆ ದುಡ್ಡು, ಒದ್ದೆ ರಟ್ಟು ಅಂದರೆ ಕಸ. ಅಷ್ಟೇ ವ್ಯತ್ಯಾಸ. ಚಿಪ್ಸ್ ಪ್ಯಾಕೆಟ್ಟಿಗೆ ಮಾತ್ರ ಅಲ್ಲೂ ಬೆಲೆ ಇಲ್ಲ, ಅದು ಹೋದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ. ಹಾಲಿನ ಪ್ಯಾಕೆಟ್ಟಿನ ಬಗ್ಗೆ ನಾನು ಅಲ್ಲೇ ಕಲಿತದ್ದು: ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತೆ. ಅರ್ಧ ಕತ್ತರಿಸಿ, ಖಾಲಿಯಾದ ಮೇಲೆ ಒಂದು ಲೋಟ ನೀರಲ್ಲಿ ಅಲ್ಲಾಡಿಸಿ, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಕವರನ್ನು ಬಚ್ಚಲು ಗೋಡೆಗೆ ಅಂಟಿಸಿಬಿಡಿ. ಸಂಜೆ ಹೊತ್ತಿಗೆ ಒಣಗಿರುತ್ತೆ.

ಎರಡನೇ ಪ್ರಶ್ನೆಯೂ ಒಂದಿದೆ. "ನೀವೇನೋ ಮಾಡ್ತೀರಿ, ಬೇರೆಯವರ ಕೈಲಿ ಮಾಡಿಸೋದು ಹೇಗೆ?" ಇದಕ್ಕೆ ನಮ್ಮ ಟ್ರಾನ್ಸ್‌ಫಾರ್ಮರ್ ಮೂಲೆಯ ಕಥೆಯನ್ನೇ ಹೇಳಬೇಕು.

ಆ ಮೂಲೆಯಲ್ಲಿ ಯಾವಾಗಲೂ ಕಸದ ಗುಡ್ಡೆ. ಬೆಂಗಳೂರಿನ ಭಾಷೆಯಲ್ಲಿ ಬ್ಲ್ಯಾಕ್ ಸ್ಪಾಟ್. "ಇಲ್ಲಿ ಕಸ ಹಾಕಬೇಡಿ" ಅಂತ ಬೋರ್ಡ್ ಹಾಕಿದೆವು, ಬೋರ್ಡಿನ ಕಾಲಿಗೇ ಕಸ ಒರಗಿಸಿ ಹೋದರು. ಯಾರೋ ಗೋಡೆಗೆ ದೇವರ ಟೈಲ್ಸ್ ಅಂಟಿಸಿದರು. ಕಸ ಭಕ್ತಿಯಿಂದ ಹತ್ತಡಿ ಆಚೆ ಸರಿದುಕೊಂಡಿತು. ಆಮೇಲೆ 'ದಿ ಅಗ್ಲಿ ಇಂಡಿಯನ್' ಗುಂಪಿನವರು ಮಾಡುವ ಹಾಗೆ ನಾವು ಏಳೆಂಟು ಜನ ಒಂದು ಭಾನುವಾರ ಸೇರಿದೆವು. ಸಲಿಕೆ, ಬಾಂಡ್ಲಿ, ಸುಣ್ಣ ತಂದು, ಬಳಿದು, ಗೋಡೆಗೆ ಕೆಮ್ಮಣ್ಣು ಬಣ್ಣ ಹೊಡೆದು, ಎರಡು ಕುಂಡ ಇಟ್ಟೆವು. ಫೋಟೋ ತೆಗೆಸಿಕೊಂಡೆವು. ಗುರುವಾರದ ಹೊತ್ತಿಗೆ ಕುಂಡದೊಳಗೇ ಕಸ.

ಆಗ ನಮ್ಮ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಒಂದು ಕೆಲಸ ಮಾಡಿದರು. ನಾಲ್ಕು ದಿನ ಬೆಳಗ್ಗೆ ಐದೂವರೆಗೆ ಕುರ್ಚಿ ಹಾಕಿಕೊಂಡು ಅಲ್ಲೇ ಪೇಪರ್ ಓದುತ್ತಾ ಕೂತರು. ಬೈಯಲಿಲ್ಲ, ಸುಮ್ನೆ ನೋಡಿದರು. ಕಸ ಎಸೆಯುತ್ತಿದ್ದವರು ನಾವೆಲ್ಲ ಅಂದುಕೊಂಡ ಹಾಗೆ ಹಿಂದಿನ ಗಲ್ಲಿಯ ಬಡವರಲ್ಲ. ಆರೂವರೆಗೇ ಕೆಲಸಕ್ಕೆ ಹೊರಡುವ ಮೂರು ಮನೆಯವರು, ಒಂದು ಪಿಜಿಯ ಹುಡುಗರು, ರಾತ್ರಿ ಅಂಗಡಿ ಮುಚ್ಚುವ ಒಬ್ಬ ಹಣ್ಣಿನವನು. ಕಸದ ಗಾಡಿ ಬರೋದು ಒಂಬತ್ತಕ್ಕೆ. ಇವರು ಯಾರ ಕೈಗೆ ಕೊಡಬೇಕು?

ಪಿಜಿ ಓನರ್ ಗೇಟಿನೊಳಗೆ ಎರಡು ಡ್ರಮ್ ಇಟ್ಟ. ಆ ಮೂರು ಮನೆಯ ಬಕೆಟ್ಟನ್ನು ಪಕ್ಕದ ಮನೆಯವರು ಗಾಡಿಗೆ ಕೊಡೋಕೆ ಒಪ್ಪಿದರು. ಹಣ್ಣಿನವನ ಸಿಪ್ಪೆ ಈಗ ನಮ್ಮ ತಾರಸಿಯ ಗೊಬ್ಬರದ ಡಬ್ಬಕ್ಕೆ ಬರುತ್ತೆ. ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆ, ಮೇಲೆ ಒಂದಿಷ್ಟು ಹುಳಿ ಮಜ್ಜಿಗೆ. ವಾಸನೆ ಬಂದರೆ ಒಣ ಎಲೆ ಕಮ್ಮಿಯಾಗಿದೆ ಅಂತ ಅರ್ಥ. ಬಿಳಿ ಹುಳ ಕಂಡು ಮೊದಲ ವಾರ ನಾನು ಚೀರಿದ್ದೆ, ಅವು ತಮ್ಮ ಪಾಡಿಗೆ ತಿಂದುಕೊಂಡು ಹೋಗುತ್ತವೆ, ಬಿಟ್ಟುಬಿಡಿ. ಇಷ್ಟಕ್ಕೂ ನಮಗೆ ಹಿಡಿದದ್ದು ಐದು ತಿಂಗಳು, ಬಣ್ಣದ ಡಬ್ಬಕ್ಕಿಂತ ಜಾಸ್ತಿ ಖರ್ಚಾದದ್ದು ಮೇಷ್ಟ್ರ ಮನೆಯ ಕಾಫಿ ಪುಡಿ.

ಮೊನ್ನೆ ಎಣಿಸಿದಾಗ ಒಟ್ಟಿಗೆ ಕೊಡುವವರು 4 ಮನೆಗೆ ಇಳಿದಿದ್ದರು. ಅದರಲ್ಲಿ ಒಂದು ನಮ್ಮ ಓರಗಿತ್ತಿಯದು, ಅವಳ ಹತ್ತಿರ ನಾನು ಮಾತಾಡೋಕೆ ಹೋಗಲ್ಲ, ಮೇಷ್ಟ್ರನ್ನೇ ಕಳಿಸಬೇಕು. ಆಯುಧ ಪೂಜೆ ಮಾರನೇ ದಿನ ಮಾತ್ರ ಮೂಲೆ ಮತ್ತೆ ತುಂಬಿತ್ತು: ಒಡೆದ ಬೂದುಗುಂಬಳ, ಬಾಳೆ ಕಂದು, ಮಾವಿನ ಸೊಪ್ಪು. ನಮ್ಮವರೇ ತಂದು ಹಾಕಿದ್ದು, ವಾಹನದ ಹೂವು ಕಸ ಅಲ್ಲ ಅನ್ನೋ ನಂಬಿಕೆಯಿಂದ. ಮೇಷ್ಟ್ರು ಮಚ್ಚು ತಂದು ಬಾಳೆ ಕಂದನ್ನು ಕೊಚ್ಚಿ ಚೀಲಕ್ಕೆ ತುಂಬುತ್ತಿದ್ದರು. ಎರಡು ಕಂದು ಅಷ್ಟೊತ್ತಿಗಾಗಲೇ ಹಸು ತಿಂದಿತ್ತು.