ಮತ್ಯಾರ ಹತ್ರ ತರ್ಲಿ?

ಅಕ್ಕನ ಮಗಳಿಗೆ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಕೆಲಸ ಹಚ್ಚಿದ್ದರು. ಬೈಲೈನ್, ಡೆಡ್‌ಲೈನ್, ಬೀಟ್, ಸ್ಕೂಪ್, ಸೋರ್ಸ್ ಅಂತ ಪದಗಳ ಪಟ್ಟಿ. ಎಲ್ಲವನ್ನೂ ಬಳಸಿ ಒಬ್ಬ ಪತ್ರಕರ್ತರ ಸಂದರ್ಶನ ಬರೆದು ತರಬೇಕು. ಒಳ್ಳೆಯದೇ. ಆದರೆ ಆ ಮೇಷ್ಟ್ರು ತಾಲೂಕು ವರದಿಗಾರರನ್ನು ಹತ್ತಿರದಿಂದ ನೋಡಿದವರಲ್ಲ ಅನ್ಸುತ್ತೆ.

ಮೊನ್ನೆ ಭಾನುವಾರ ಅವಳನ್ನು ನಮ್ಮೂರಿನ ವರದಿಗಾರರ ಮನೆಗೆ ಕರೆದುಕೊಂಡು ಹೋದೆ. ಬೀಟ್, ಅಂದರೆ ಸುದ್ದಿ ಮಾಡೋ ವಿಷಯ, ಯಾವುದು ಅಂದದ್ದಕ್ಕೆ ಇಡೀ ತಾಲೂಕು ಅಂದರು. ಕ್ರೈಮು, ಕೃಷಿ, ಜಾತ್ರೆ, ಎಸ್ಸೆಸ್ಸೆಲ್ಸಿ ರಿಸಲ್ಟು, ಎಲ್ಲ ಇವರ ತಲೆಗೇ. ಡೆಡ್‌ಲೈನ್ ಅಂದಾಗ ಮುಖ ಅರಳಿತು. ಈಮೇಲ್ ಇಲ್ಲದ ಕಾಲದಲ್ಲಿ ಸುದ್ದಿ, ಫೋಟೋ ಕವರಿಗೆ ಹಾಕಿ ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರಂತೆ. ಬಸ್ಸು ಹೊರಟುಹೋದರೆ ಆವತ್ತಿನ ಸುದ್ದಿ ಅಲ್ಲಿಗೆ ಮುಗೀತು.

ಸೋರ್ಸ್ ಯಾರು? ಪಂಚಾಯ್ತಿ ಅಧ್ಯಕ್ಷರು, ಕಂಟ್ರಾಕ್ಟರುಗಳು, ಪೊಲೀಸ್ ಸ್ಟೇಷನ್ ರೈಟರ್ ಅಂತ ಹೇಳುತ್ತಾ ಹೋದರು. ಇವಳ ಕಣ್ಣು ಟೇಬಲ್ ಮೇಲಿದ್ದ ಪುರವಣಿ ಮೇಲಿತ್ತು. ಪುಟದ ತುಂಬಾ ಹಬ್ಬದ ಶುಭಾಶಯ, ಅದೇ ಅಧ್ಯಕ್ಷರು ಕೈಮುಗಿದು ನಿಂತ ಫೋಟೋ.

"ಅಂಕಲ್, ಇವರ ಹತ್ರಾನೇ ಜಾಹೀರಾತೂ ತರ್ತೀರಾ?"

"ಮತ್ಯಾರ ಹತ್ರ ತರ್ಲಿ?"

ಟೀ ಲೋಟ ಕೆಳಗಿಡದೆ, ಹೊರಗೆ ಬಿಸಿಲು ಜಾಸ್ತಿ ಅಂತ ಹೇಳುವ ದನಿಯಲ್ಲೇ ಹೇಳಿದರು. ವಾರವಿಡೀ ಅದೇ ಮಾತು ಕಿವಿಯಲ್ಲಿದೆ. ಅವರಿಗೆ ಸಂಬಳವಿಲ್ಲ. ಪ್ರಕಟವಾದ ಸುದ್ದಿಗೆ ಇಷ್ಟು, ತಂದ ಜಾಹೀರಾತಿಗೆ ಕಮಿಷನ್ ಇಷ್ಟು. ಕಳಪೆ ರಸ್ತೆ ಬಗ್ಗೆ ಬರೆಯಬೇಕಾದವರು ಆ ರಸ್ತೆ ಮಾಡಿಸಿದವರ ಮನೆ ಬಾಗಿಲಲ್ಲಿ ಶುಭಾಶಯದ ದುಡ್ಡಿಗೆ ಕಾಯಬೇಕು. ಇವರು ಸುಮಾರಾಗಿ ಪ್ರಾಮಾಣಿಕರು. ಆದರೂ ನಮ್ಮ ಕೆರೆ ಒತ್ತುವರಿ ಸುದ್ದಿ ಒಂದು ದಿನ ಬಂದು ನಿಂತೇ ಹೋಯಿತಲ್ಲ, ಅದು ಈಗ ಬೇರೆ ಥರ ಕಾಣುತ್ತಿದೆ.

ಪತ್ರಕರ್ತರಿಗೆ ಅಂತಲೇ 1955ರಲ್ಲಿ ಕಾನೂನು ಬಂತು. ಪತ್ರಿಕೆಯವರಿಗೆ ಸಂಬಳ ಎಷ್ಟಿರಬೇಕು ಅಂತ ಹೇಳಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳನ್ನು 2011ರಲ್ಲಿ ಕೇಂದ್ರ ಒಪ್ಪಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಆ ಸಂಬಳ ಕೇಳೋಕೆ ಹೋದರೆ ಮೊದಲು ನೇಮಕಾತಿ ಪತ್ರ ತೋರಿಸಬೇಕು ತಾನೇ? ಇವರ ಹತ್ತಿರ ಇರುವುದು ಕುತ್ತಿಗೆಗೆ ಹಾಕಿಕೊಳ್ಳೋ ಕಾರ್ಡ್ ಮಾತ್ರ.

1843ರ ಜುಲೈ 1ರಂದು ಜರ್ಮನ್ ಪಾದ್ರಿ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದ ನೆನಪಿಗೆ ಪ್ರತಿ ವರ್ಷ ಪತ್ರಿಕಾ ದಿನ ಮಾಡುತ್ತೇವೆ. ನಮ್ಮೂರಲ್ಲಿ ಇವರಿಗೆ ಶಾಲನ್ನೂ ಹೊದಿಸುತ್ತಾರೆ. ಮೋಗ್ಲಿಂಗ್ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು, ಅದರ ಕಲ್ಲಚ್ಚಿನ ಮುದ್ರಣಾಲಯ ಇತ್ತು. ಇವರ ಬೆನ್ನಿಗೆ ಯಾರಿದ್ದಾರೆ? ಕಾಸು ಕೊಟ್ಟು ಪೇಪರ್ ಕೊಳ್ಳದೆ ಹೋಟೆಲ್‌ನಲ್ಲಿ ಪುಕ್ಕಟೆ ಓದೋ ನಾವಾ?

ಜಾಹೀರಾತಿನ ಮಾತನ್ನೂ ಬರೆಯಲಾ ಅಂತ ಇವಳು ಕೇಳಿದಳು. ಬರಿ ಮಗಾ, ಅದರಲ್ಲೇನಿದೆ ಅಂದರು. ನಾವು ಗೇಟ್ ದಾಟಿದ ಮೇಲೆ ಹಿಂದೆಯೇ ಬಂದರು. "ಹೆಸರು ಮಾತ್ರ ಹಾಕಬೇಡ. ಹೆಸರು ಹೇಳಲು ಇಚ್ಛಿಸದ ಪತ್ರಕರ್ತರೊಬ್ಬರು ಅಂತ ಹಾಕು."