ಕುಕ್ಕೆಯಿಂದ ವಾಪಸ್ ಬರುವಾಗ ಶಿರಾಡಿಯಲ್ಲಿ ಪಿಕಪ್ ಬಿಟ್ಟ ಡೀಸೆಲ್ ಕಾರು

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಗುಂಡ್ಯದ ಮೇಲೆ ಕುಕ್ಕೆ ಸುಬ್ರಹ್ಮಣ್ಯ ಸುಮಾರು 280 ಕಿ.ಮೀ. ಬೆಳಿಗ್ಗೆ 5ಕ್ಕೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದು. ಹೋಗುವ ದಾರಿ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಬರುವ ದಾರಿ ಬಗ್ಗೆ ಹೇಳಬೇಕು, ಅದರಲ್ಲೂ ನಿಮ್ಮದು ಹಳೇ ಡೀಸೆಲ್ ಕಾರಾಗಿದ್ದರೆ.

ನಮ್ಮ ಕಾರು 1,30,000 ಕಿ.ಮೀ. ಓಡಿದೆ. ಹೋಗುವಾಗಲೇ ಒಂದು ಸೂಚನೆ ಕೊಟ್ಟಿತ್ತು. ಹಾಸನ ದಾಟಿದ ಮೇಲೆ ಲಾರಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಯಾರೋ ಹಿಂದಿನಿಂದ ಹಿಡಿದಂತೆ ಒಂದು ಕ್ಷಣ ತಡೆಯಿತು. ಆಮೇಲೆ ಸರಿಹೋಯಿತು. ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿ ಘಾಟಿಯಲ್ಲಿ ಬರೀ ಇಳಿಜಾರು, ಇಂಜಿನ್‌ಗೆ ಕೆಲಸವೇ ಇಲ್ಲ. ಹಾಗಾಗಿ ಕುಕ್ಕೆ ತಲುಪುವವರೆಗೆ ಮತ್ತೆ ಏನೂ ಗೊತ್ತಾಗಲಿಲ್ಲ.

ಮರುದಿನ ವಾಪಸ್ ಹೊರಟೆವು. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಆ ಎತ್ತರದ ಬಹುಪಾಲನ್ನು ಗುಂಡ್ಯದಿಂದಾಚೆಗೇ ಏರಬೇಕು. ಕೆಂಪುಹೊಳೆಯ ಪಕ್ಕದ ಏರಿನಲ್ಲಿ, ಮೂರನೇ ಗೇರ್‌ನಲ್ಲಿ, ಚೆಕ್ ಇಂಜಿನ್ ಲೈಟ್ ಹತ್ತಿತು. ಪಿಕಪ್ ಪೂರ್ತಿ ಹೋಯಿತು. ಇದನ್ನೇ ಲಿಂಪ್ ಮೋಡ್ ಅನ್ನುತ್ತಾರೆ. ಇಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳಲು ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ಹಿಂದೆ ಟ್ಯಾಂಕರ್‌ಗಳ ಸಾಲು, ಫೋನಿಗೆ ಸಿಗ್ನಲ್ ಇಲ್ಲ. ಅಗಲ ಇರುವ ಜಾಗ ನೋಡಿ ಪಕ್ಕಕ್ಕೆ ಹಾಕಿದೆ. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸುಮ್ನೆ ನಿಂತಾಗ ಏನೂ ತೊಂದರೆ ಇಲ್ಲ. ಏರು ಹತ್ತಿದರೆ ಮತ್ತೆ ಅದೇ ಕಥೆ.

ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ (ಇಂಜಿನ್ ದೋಷ ಓದುವ) ಪೋರ್ಟ್‌ಗೆ ಹಾಕುವ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ನನ್ನ ಹತ್ತಿರ ಇತ್ತು. ಅದು ತೋರಿಸಿದ ಕೋಡ್ ಪಿ0087, ಅಂದರೆ ಇಂಜಿನ್‌ಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯಾದ ಫ್ಯೂಯಲ್ ರೈಲ್‌ನಲ್ಲಿ ಒತ್ತಡ ಸಾಲುತ್ತಿಲ್ಲ. ಕೋಡ್‌ಗಿಂತ ಮುಖ್ಯ ಎರಡು ಅಂಕಿಗಳು: ಇಂಜಿನ್ ಕೇಳುವ ಒತ್ತಡ, ನಿಜವಾಗಿ ಸಿಗುವ ಒತ್ತಡ. ಐಡಲ್‌ನಲ್ಲಿ (ಕಾರು ನಿಂತು ಇಂಜಿನ್ ಓಡುವಾಗ) ಎರಡೂ 280 ಬಾರ್ (ಒತ್ತಡದ ಅಳತೆ) ಆಸುಪಾಸು. ಏರಿನಲ್ಲಿ ಹೆಂಡತಿ ಫೋನ್ ಹಿಡಿದು ಓದುತ್ತಾ ಬಂದಳು: "ಕೇಳ್ತಿರೋದು 900, ಸಿಗ್ತಿರೋದು 520." ಅಂಕಿ ನೋಡುವ ಕೆಲಸ ಪಕ್ಕದಲ್ಲಿ ಕೂತವರಿಗೇ ಬಿಡಿ, ಓಡಿಸುವವರು ನೋಡಲೇಬಾರದು.

ಹಗುರವಾಗಿ ಒತ್ತುತ್ತಾ, ಎರಡನೇ ಗೇರ್‌ನಲ್ಲಿ, ಅಲ್ಲಲ್ಲಿ ನಿಲ್ಲಿಸಿಕೊಂಡು ಸಕಲೇಶಪುರ ಸೇರಿದೆವು. ಸಿಗ್ನಲ್ ಸಿಕ್ಕ ಮೇಲೆ ಬೆಂಗಳೂರಿನ ಒಂದು ಗ್ಯಾರೇಜ್‌ಗೆ ಫೋನ್ ಮಾಡಿದರೆ, ರೈಲ್‌ಗೆ ಒತ್ತಡ ಕೊಡುವ ಹೈ ಪ್ರೆಶರ್ ಪಂಪ್ ಬದಲಾಯಿಸಬೇಕು ಅಂದುಬಿಟ್ಟರು. ಸಕಲೇಶಪುರದ ಮೆಕ್ಯಾನಿಕ್ ಅವಸರ ಮಾಡಲಿಲ್ಲ. "ಪಂಪ್‌ಗೆ ಡೀಸೆಲ್ಲೇ ಸರಿಯಾಗಿ ಬರ್ತಿಲ್ಲ ಅಂದ್ರೆ ಅದು ಒತ್ತಡ ಎಲ್ಲಿಂದ ಕೊಡುತ್ತೆ ಸಾರ್? ಮೊದಲು ಡೀಸೆಲ್ ಫಿಲ್ಟರ್ ನೋಡೋಣ" ಅಂದ.

ಫಿಲ್ಟರ್ ತಳದ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಡೀಸೆಲ್ ಹಿಡಿದ. ಎರಡು ನಿಮಿಷ ಬಿಟ್ಟರೆ ತಳದಲ್ಲಿ ಒಂದು ಬೆರಳು ದಪ್ಪ ನೀರು, ಅದರಲ್ಲಿ ಕಪ್ಪು ಕಸ. ಆಮೇಲೆ ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಪೈಪ್ ಜಾಗದಲ್ಲಿ ಪಾರದರ್ಶಕ ಪೈಪ್ ಹಾಕಿ ಸ್ಟಾರ್ಟ್ ಮಾಡಿದ. ಸಣ್ಣ ಸಣ್ಣ ಗಾಳಿಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಒಂದು ಕ್ಲಿಪ್ ಸಡಿಲವಾಗಿ ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಎರಡೂ ಸೇರಿ, ನಿಂತಾಗ ಸಾಕಾಗುವ ಡೀಸೆಲ್ ಏರಿನಲ್ಲಿ ಸಾಲುತ್ತಿರಲಿಲ್ಲ.

ಹೊಸ ಫಿಲ್ಟರ್ ಹಾಸನದಿಂದ ಬಸ್ಸಿನಲ್ಲಿ ಬಂತು. ಕಾದಿದ್ದೇ ಜಾಸ್ತಿ, ಕೆಲಸ ಮುಕ್ಕಾಲು ಗಂಟೆ. ಹೊಸ ಕ್ಲಿಪ್ ಹಾಕಿ, ಡೀಸೆಲ್ ತುಂಬಿಸುವ ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಗಾಳಿ ಪೂರ್ತಿ ತೆಗೆದ. ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ (ಉಳಿದ ಡೀಸೆಲ್ ವಾಪಸ್ ಹೋಗುವ) ಪೈಪ್‌ಗಳನ್ನು ನಾಲ್ಕು ಬಾಟಲಿಗೆ ಬಿಟ್ಟೂ ನೋಡಿದ. ಒಂದರಲ್ಲಿ ಮಾತ್ರ ಜಾಸ್ತಿ ತುಂಬಿದರೆ ಆ ಇಂಜೆಕ್ಟರ್ ಒತ್ತಡ ಸೋರಿಸುತ್ತಿದೆ ಎಂದರ್ಥ. ನಮ್ಮದು ನಾಲ್ಕೂ ಸಮ ಇತ್ತು. ಕೋಡ್ ಅಳಿಸಿ ಏರಿನಲ್ಲಿ ಓಡಿಸಿದೆವು. ಕೇಳಿದ್ದು 900, ಸಿಕ್ಕಿದ್ದು 890.

ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಇಂಜಿನ್ ಓಡುವಾಗ ರೈಲ್‌ನಿಂದ ಇಂಜೆಕ್ಟರ್‌ಗೆ ಹೋಗುವ ಲೋಹದ ಪೈಪ್‌ಗಳನ್ನು ಬಿಚ್ಚಬೇಡಿ, ಸೋರಿಕೆ ಇದೆಯಾ ಎಂದು ಬೆರಳಿಟ್ಟು ನೋಡಬೇಡಿ. ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಇಲ್ಲಿ ನೂರಾರು ಬಾರ್. ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಈ ದಾರಿಯಲ್ಲಿ ಹೊರಡುವ ಮೊದಲು ಫಿಲ್ಟರ್ ಕೊನೇ ಸಲ ಯಾವಾಗ ಬದಲಾಯಿತು ಎಂದು ಬಿಲ್ ತೆಗೆದು ನೋಡಿ. ನಮ್ಮ ಕಳೆದ ಸರ್ವಿಸ್ ಬಿಲ್‌ನಲ್ಲಿ ಅದು ಇರಲೇ ಇಲ್ಲ. ಊರಿನ ಟ್ರಾಫಿಕ್‌ನಲ್ಲಿ ಓಡಿಸಿದರೆ ಗೊತ್ತಾಗಲ್ಲ, ಕುಣಿಗಲ್ ಕಡೆ ಹೆದ್ದಾರಿಯಲ್ಲಿ ನಾಲ್ಕನೇ ಗೇರ್‌ನಲ್ಲಿ ಜೋರಾಗಿ ಒತ್ತಿ ನೋಡಿ. ತಡೆದರೆ ಹಾಸನದಲ್ಲೇ ತೋರಿಸಿಕೊಳ್ಳಿ, ಘಾಟಿ ಇಳಿಯಬೇಡಿ. ಮಳೆಗಾಲದಲ್ಲಂತೂ ಸಕಲೇಶಪುರದ ಪಕ್ಕದ ದೋಣಿಗಲ್ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು, 2024ರ ಜುಲೈನಲ್ಲೂ ಆಗಿತ್ತು. ಆಗ ಕೆಟ್ಟು ನಿಂತ ಕಾರಿನ ಹತ್ತಿರ ಮೆಕ್ಯಾನಿಕ್ ಬರುವುದೂ ಕಷ್ಟ.